ಬೆಳಕನ್ನು ಬೆನ್ನಟ್ಟಿದ ಐನ್‌ಸ್ಟೈನ್

ಆಲ್ಬರ್ಟ್ ಐನ್‌ಸ್ಟೈನ್ ಎಂದೊಡನೆ ಕೆದರಿದ ಬಿಳಿಗೂದಲಿನ ವೃದ್ಧರೊಬ್ಬರ ಚಿತ್ರ ಕಣ್ಣ ಮುಂದೆ ನಿಲ್ಲುತ್ತದೆ. ಕಲಾ ವಿಭಾಗದಲ್ಲಿ ಓದಿ, ಬ್ಯಾಂಕಿನ ಲೆಡ್ಜರುಗಳ ನಡುವೆ ಆಯುಷ್ಯದ ಬಹುಪಾಲನ್ನು ಕಳೆದ ನಮಗಾದರೋ ಅವರ ಬದುಕಿನಲ್ಲಿ ಹೆಚ್ಚು ಆಪ್ತವೆನಿಸುವುದು ಸ್ವಿಟ್ಜರ್ಲೆಂಡಿನ ಬರ್ನ್ ನಗರದ ಪೇಟೆಂಟ್ ಕಚೇರಿಯಲ್ಲಿ ಅವರು ನೌಕರರಾಗಿದ್ದ ಏಳು ವರ್ಷಗಳು.

ಅವರು ಜನಿಸಿದ್ದು 1879ರ ಮಾರ್ಚ್ 14ರಂದು, ಜರ್ಮನಿಯ ಉಲ್ಮ್ ನಗರದಲ್ಲಿ. ತಂದೆ ಹರ್ಮನ್ ಮತ್ತು ಚಿಕ್ಕಪ್ಪ ಯಾಕೋಬ್ ಮ್ಯೂನಿಕ್‌ನಲ್ಲಿ ನಡೆಸುತ್ತಿದ್ದ ವಿದ್ಯುತ್ ಉಪಕರಣಗಳ ಉದ್ಯಮ ಕೈಕೊಟ್ಟುದರಿಂದ 1894ರಲ್ಲಿ ಕುಟುಂಬ ಇಟಲಿಗೆ ತೆರಳಿತು. ಮರುವರ್ಷ ಜೂರಿಕ್‌ನ ಪಾಲಿಟೆಕ್ನಿಕ್ ಪ್ರವೇಶ ಪರೀಕ್ಷೆಯಲ್ಲಿ ಹುಡುಗ ಗಣಿತ, ಭೌತಶಾಸ್ತ್ರಗಳಲ್ಲಿ ಮೆರೆದರೂ ಇತರ ವಿಷಯಗಳಲ್ಲಿ ಹಿಂದೆ ಬಿದ್ದ. ಹೀಗಾಗಿ ಆರಾವು ಎಂಬ ಸಣ್ಣ ಊರಿನ ಶಾಲೆಯಲ್ಲಿ ಒಂದು ವರ್ಷ ಓದಬೇಕಾಯಿತು.

ಅಲ್ಲಿ, ಹದಿನಾರರ ಹರೆಯದಲ್ಲಿ, ಒಂದು ಪ್ರಶ್ನೆ ಅವರನ್ನು ಹಿಡಿದುಕೊಂಡಿತು. ಬೆಳಕಿನ ಕಿರಣವೊಂದರ ಪಕ್ಕದಲ್ಲಿ ಅದರಷ್ಟೇ ವೇಗವಾಗಿ ಓಡಿದರೆ ಏನು ಕಂಡೀತು? ಲೋಕಲ್ ರೈಲಿನಲ್ಲಿ ಓಡಾಡುವ ನಮಗೆ ಉತ್ತರ ಸುಲಭವೆನಿಸುತ್ತದೆ. ಪಕ್ಕದ ಹಳಿಯ ರೈಲು ನಮ್ಮದೇ ವೇಗದಲ್ಲಿ ಸಾಗಿದರೆ ಅದು ನಿಂತೇ ಇರುವಂತೆ ಕಾಣುವುದಿಲ್ಲವೇ? ಅಂತೆಯೇ ಬೆಳಕೂ ಹೆಪ್ಪುಗಟ್ಟಿದ ಅಲೆಯಂತೆ ಕಾಣಬೇಕು. ಆದರೆ ಮ್ಯಾಕ್ಸ್‌ವೆಲ್ ಅವರ ಸಮೀಕರಣಗಳಲ್ಲಿ ನಿಂತ ಬೆಳಕಿಗೆ ಎಡೆಯೇ ಇರಲಿಲ್ಲ. ಈ ತೊಡಕನ್ನು ಐನ್‌ಸ್ಟೈನ್ ಹತ್ತು ವರ್ಷ ಮನಸ್ಸಿನಲ್ಲಿ ಹೊತ್ತು ತಿರುಗಿದರು.

1900ರಲ್ಲಿ ಪಾಲಿಟೆಕ್ನಿಕ್ ವ್ಯಾಸಂಗ ಮುಗಿಸಿದರೂ ಪ್ರಾಧ್ಯಾಪಕರಾರೂ ಅವರನ್ನು ಸಹಾಯಕರನ್ನಾಗಿ ತೆಗೆದುಕೊಳ್ಳಲಿಲ್ಲ. ಸಹಪಾಠಿ ಮಾರ್ಸೆಲ್ ಗ್ರಾಸ್‌ಮನ್ ಅವರ ತಂದೆಯ ಶಿಫಾರಸಿನ ನೆರವಿನಿಂದ 1902ರಲ್ಲಿ ಪೇಟೆಂಟ್ ಕಚೇರಿಯಲ್ಲಿ ಮೂರನೆಯ ದರ್ಜೆಯ ತಾಂತ್ರಿಕ ಪರಿಣತರ ಹುದ್ದೆ ದೊರೆಯಿತು. 1904ರಲ್ಲಿ ಹಳೆಯ ಮಿತ್ರ ಮಿಕೇಲೆ ಬೆಸ್ಸೊ ಅದೇ ಕಚೇರಿಗೆ ಬಂದರು. ಕೆಲಸ ಮುಗಿದ ಮೇಲೆ ಇಬ್ಬರೂ ಮಾತನಾಡುತ್ತ ಮನೆಯ ಕಡೆಗೆ ನಡೆಯುತ್ತಿದ್ದರು. 1905ರ ಮೇ ತಿಂಗಳಲ್ಲಿ ಬೆಸ್ಸೊ ಅವರೊಡನೆ ಚರ್ಚಿಸುತ್ತಿದ್ದಾಗಲೇ ಗಂಟು ಬಿಚ್ಚಿಕೊಂಡಿತು. ತಪ್ಪಿದ್ದುದು ಬೆಳಕಿನ ಲೆಕ್ಕವಲ್ಲ, ಎಲ್ಲರಿಗೂ ಕಾಲ ಒಂದೇ ಎಂಬ ನಂಬಿಕೆ! ಜೂನ್ 30ರಂದು ಪತ್ರಿಕೆಯ ಕಚೇರಿಗೆ ತಲುಪಿದ ಆ ಲೇಖನದಲ್ಲಿ ಆಧಾರಗ್ರಂಥಗಳ ಪಟ್ಟಿಯೇ ಇಲ್ಲ. ಬೆಸ್ಸೊ ಅವರಿಗೆ ಕೃತಜ್ಞತೆ ಮಾತ್ರ ಉಂಟು. ಸಹೋದ್ಯೋಗಿಯ ನೆರವನ್ನು ಅಚ್ಚಿನಲ್ಲಿ ನೆನೆಯುವ ಗುಣ ಕಚೇರಿಗಳಲ್ಲಿ ಎಷ್ಟು ವಿರಳವೆಂಬುದನ್ನು ನಾವು ಬಲ್ಲೆವು.

ನಾವು ಎಷ್ಟೇ ವೇಗವಾಗಿ ಬೆನ್ನಟ್ಟಿದರೂ ಬೆಳಕು ನಮ್ಮಿಂದ ಸೆಕೆಂಡಿಗೆ ಸುಮಾರು 3 ಲಕ್ಷ ಕಿಲೋಮೀಟರ್ ವೇಗದಲ್ಲೇ ದೂರ ಸಾಗುತ್ತದೆ. ಇದು ನಿಜವಾಗಬೇಕಾದರೆ ಓಡುವವನ ಗಡಿಯಾರ ನಿಧಾನವಾಗಲೇಬೇಕು, ಅವನ ಎದುರಿನ ದೂರ ಕುಗ್ಗಲೇಬೇಕು. ಬೆಳಕಿನ ವೇಗದ ಶೇಕಡಾ 99.5ರಷ್ಟು ವೇಗದಲ್ಲಿ ಹೋಗುವವನಿಗೆ ನಮ್ಮ 10 ವರ್ಷ ಹೆಚ್ಚುಕಡಿಮೆ 1 ವರ್ಷ. ಶೇಕಡಾ 99.995 ಆದರೆ ನಮ್ಮ 100 ವರ್ಷ ಅವನಿಗೆ 1 ವರ್ಷ. ಹಾಗಾದರೆ ಬೆಳಕಿಗೆ?

ಇದಕ್ಕೆ ಸ್ಪಷ್ಟ ರೂಪ ಕೊಟ್ಟವರು ಪಾಲಿಟೆಕ್ನಿಕ್‌ನಲ್ಲಿ ಐನ್‌ಸ್ಟೈನ್‌ಗೆ ಗಣಿತ ಕಲಿಸಿದ್ದ ಹರ್ಮನ್ ಮಿಂಕೊವ್‌ಸ್ಕಿ. ತರಗತಿಗಳಿಗೆ ತಪ್ಪಿಸಿಕೊಳ್ಳುತ್ತಿದ್ದ ಆ ವಿದ್ಯಾರ್ಥಿಯನ್ನು ಅವರು ಸೋಮಾರಿಯೆಂದೇ ಬಗೆದಿದ್ದರು. 1908ರ ಸೆಪ್ಟೆಂಬರಿನಲ್ಲಿ ಕಲೋನ್ ನಗರದ ಉಪನ್ಯಾಸದಲ್ಲಿ ದೇಶ ಮತ್ತು ಕಾಲಗಳನ್ನು ಒಂದೇ ನೇಯ್ಗೆಯಾಗಿ ತೋರಿಸಿದರು. ಅವರ ಲೆಕ್ಕವನ್ನು ನಮ್ಮ ಲೆಡ್ಜರಿನ ಭಾಷೆಯಲ್ಲಿ ಹೇಳಬಹುದೇನೋ. ಸಂದ ಕಾಲದಲ್ಲಿ ಬೆಳಕು ಎಷ್ಟು ದೂರ ಹೋಗಬಲ್ಲುದೋ ಅದರ ವರ್ಗವನ್ನು ಜಮಾ ಹಿಡಿದು, ನಿಜವಾಗಿ ಕ್ರಮಿಸಿದ ದೂರದ ವರ್ಗವನ್ನು ಖರ್ಚು ಹಾಕಿದರೆ, ಉಳಿದ ಬಾಕಿಯಿಂದ ಪಯಣಿಗನ ಸ್ವಂತ ಗಡಿಯಾರದ ಸಮಯ ಸಿಗುತ್ತದೆ. ಕುರ್ಚಿಯಲ್ಲಿ ಕುಳಿತ ನಮಗೆ ಜಮಾ ಪೂರ್ತಿ ಉಳಿಯುತ್ತದೆ. ಬೆಳಕಿಗೆ ಜಮಾ ಖರ್ಚುಗಳೆರಡೂ ಸಮ, ಬಾಕಿ ಸೊನ್ನೆ. ಸೂರ್ಯನಿಂದ ಹೊರಟ ಬೆಳಕು 15 ಕೋಟಿ ಕಿಲೋಮೀಟರ್ ದಾಟಿ ನಮ್ಮನ್ನು ತಲುಪಲು 8 ನಿಮಿಷ 20 ಸೆಕೆಂಡು ಬೇಕು. ಅದರ ಸ್ವಂತ ಖಾತೆಯಲ್ಲಿ ಒಂದು ಕ್ಷಣವೂ ಜಮೆಯಾಗಿರುವುದಿಲ್ಲ.

ಹಾಗೆಂದು ಹೊರಟದ್ದೂ ತಲುಪಿದ್ದೂ ಏಕಕಾಲಕ್ಕೆಂದು ಬೆಳಕಿಗೆ ಭಾಸವಾಗುತ್ತದೆ ಎನ್ನುವಂತಿಲ್ಲ. ಬೆಳಕಿನ ಜೊತೆಗೆ ಸಾಗುವ ಗಡಿಯಾರವಾಗಲಿ ಅಳತೆಗೋಲಾಗಲಿ ಇರಲು ಸಾಧ್ಯವೇ ಇಲ್ಲವೆಂಬುದು ಸಾಪೇಕ್ಷತೆಯ ನಿಲುವು. ತೂಕವುಳ್ಳ ಯಾವ ವಸ್ತುವೂ ಆ ವೇಗವನ್ನು ಮುಟ್ಟಲಾರದು. ಆರಾವಿನ ಹುಡುಗ ಕೇಳಿದ ಪ್ರಶ್ನೆಗೆ ದೊರೆತ ಉತ್ತರವೆಂದರೆ, ಆ ಕಿರಣದ ಪಕ್ಕದಲ್ಲಿ ಯಾರಿಗೂ ಜಾಗವಿಲ್ಲ.

ಮಿಂಕೊವ್‌ಸ್ಕಿ 1909ರ ಜನವರಿಯಲ್ಲಿ, 44ನೆಯ ವಯಸ್ಸಿನಲ್ಲಿ ಕರುಳುಬಾಲದ ಉರಿಯೂತದಿಂದ ತೀರಿಕೊಂಡರು. ಅವರ ಗಣಿತವನ್ನು ಮೊದಲು ಅನಗತ್ಯ ಪಾಂಡಿತ್ಯವೆಂದು ಬದಿಗಿಟ್ಟಿದ್ದ ಐನ್‌ಸ್ಟೈನ್, 1915ರ ಸಾಮಾನ್ಯ ಸಾಪೇಕ್ಷತಾ ಸಿದ್ಧಾಂತವನ್ನು ಅದೇ ತಳಹದಿಯ ಮೇಲೆ ಕಟ್ಟಿದರು. ಗುರುವಿಗೆ ಅದನ್ನು ಕಾಣುವ ಭಾಗ್ಯವಿರಲಿಲ್ಲ. 1919ರ ಗ್ರಹಣದಲ್ಲಿ ನಕ್ಷತ್ರಗಳ ಬೆಳಕು ಸೂರ್ಯನ ಬಳಿ ಬಾಗುವುದು ಕಂಡಮೇಲೆ ಐನ್‌ಸ್ಟೈನ್ ಜಗತ್ಪ್ರಸಿದ್ಧರಾದರು. ಮರುವರ್ಷವೇ ಮೇಘನಾದ ಸಾಹಾ ಮತ್ತು ಸತ್ಯೇಂದ್ರನಾಥ ಬೋಸ್ ಈ ಗುರುಶಿಷ್ಯರ ಲೇಖನಗಳನ್ನು ಇಂಗ್ಲಿಷಿಗೆ ಅನುವಾದಿಸಿ ಕಲ್ಕತ್ತ ವಿಶ್ವವಿದ್ಯಾಲಯದಿಂದ ಹೊರತಂದುದು ನಾವು ಹೆಮ್ಮೆಪಡಬೇಕಾದ ಸಂಗತಿ. 1933ರಲ್ಲಿ ಹಿಟ್ಲರ್ ಅಧಿಕಾರಕ್ಕೆ ಬಂದ ಮೇಲೆ ಯಹೂದಿಯಾದ ಐನ್‌ಸ್ಟೈನ್ ಜರ್ಮನಿಗೆ ಮತ್ತೆ ಹಿಂದಿರುಗಲಿಲ್ಲ. ಅಮೆರಿಕದ ಪ್ರಿನ್ಸ್‌ಟನ್‌ನಲ್ಲಿ ನೆಲೆಸಿದರು.

ಬೆಸ್ಸೊ ಅವರೊಡನೆ ಪತ್ರವ್ಯವಹಾರ ಮಾತ್ರ ಅರ್ಧ ಶತಮಾನ ನಡೆಯಿತು. 1955ರ ಮಾರ್ಚ್‌ನಲ್ಲಿ ಬೆಸ್ಸೊ ನಿಧನರಾದಾಗ ಐನ್‌ಸ್ಟೈನ್ ಅವರ ಮನೆಯವರಿಗೆ ಪತ್ರ ಬರೆದು, ಭೂತ, ವರ್ತಮಾನ, ಭವಿಷ್ಯಗಳೆಂಬ ವಿಭಾಗ ತಮ್ಮಂಥ ಭೌತವಿಜ್ಞಾನಿಗಳ ಪಾಲಿಗೆ ಬಿಡಲಾಗದ ಭ್ರಮೆ ಮಾತ್ರವೆಂಬ ಆಶಯ ವ್ಯಕ್ತಪಡಿಸಿದರು. ಆ ಮಾತು ಮನೆಯವರ ದುಃಖವನ್ನು ಎಷ್ಟರಮಟ್ಟಿಗೆ ತಗ್ಗಿಸಿತೋ, ನಮಗೆ ಸಂಶಯ. ಬೆಳಕಿಗೆ ಗಡಿಯಾರವಿಲ್ಲದಿರಬಹುದು, ಬರ್ನ್‌ನ ಬೀದಿಗಳಲ್ಲಿ ಜೊತೆಯಾಗಿ ನಡೆದ ಇಬ್ಬರು ಗೆಳೆಯರಿಗಂತೂ ಇತ್ತು. ಆ ಪತ್ರ ಬರೆದ ನಾಲ್ಕು ವಾರಗಳಿಗೆ, ಏಪ್ರಿಲ್ 18ರ ನಸುಕಿನಲ್ಲಿ, ಐನ್‌ಸ್ಟೈನ್ ಪ್ರಿನ್ಸ್‌ಟನ್‌ನ ಆಸ್ಪತ್ರೆಯಲ್ಲಿ ಕೊನೆಯುಸಿರೆಳೆದರು. ಅದಕ್ಕೆ ಹಿಂದಿನ ದಿನವಷ್ಟೇ ತಮ್ಮ ಲೆಕ್ಕದ ಹಾಳೆಗಳನ್ನು ತರಿಸಿಕೊಂಡಿದ್ದರು.