ಡಾಕ್ಟರ್ ಅಲೆಕ್ಸಾಂಡರ್ ಡಫ್ ಅಯ್ಯನವರ ಚರಿತ್ರೆ

ನಮ್ಮ ಹಳ್ಳಿಗಳ ಸಭೆಗಳಲ್ಲಿ ತಂದೆತಾಯಿಗಳು ಸಾಲಮಾಡಿಯಾದರೂ ತಮ್ಮ ಮಕ್ಕಳಿಗೆ ಇಂಗ್ಲಿಷ್ ವಿದ್ಯೆಯನ್ನು ಕೊಡಿಸಬೇಕೆಂದು ಆಶಿಸುವದನ್ನು ನಾವು ಕಾಣುತ್ತೇವೆ. ಈ ಆಶೆಯನ್ನು ಹೊಗಳುವದಕ್ಕಾಗಲಿ ಹಳಿಯುವದಕ್ಕಾಗಲಿ ಮುಂಚೆ, ಭಾರತದೇಶದಲ್ಲಿ ಆ ವಿದ್ಯೆಗೆ ದೊಡ್ಡ ಬಾಗಿಲನ್ನು ತೆರೆದವರಲ್ಲಿ ಒಬ್ಬರಾದ ಡಫ್ ಅಯ್ಯನವರ ಚರಿತ್ರೆಯನ್ನು ತಿಳಿಯುವದು ಪ್ರಯೋಜನಕರವಾಗಿದೆ.

ಇವರು 1806ನೇ ವರುಷ ಎಪ್ರಿಲ್ 25ರಲ್ಲಿ ಸ್ಕಾಟ್ಲೆಂಡಿನ ಪರ್ತ್‌ಶೈರ್ ಸೀಮೆಯ ಮೌಲಿನ್ ಎಂಬ ಗ್ರಾಮಸಭೆಯೊಳಗೆ ಹುಟ್ಟಿದರು. ಆ ಬೆಟ್ಟಸೀಮೆಯ ಜನರ ಮನೆಮಾತು ಗೇಲಿಕ್ ಆಗಿತ್ತು, ಇಂಗ್ಲಿಷ್ ಅಲ್ಲ. 1709ರಲ್ಲಿ ಸ್ಥಾಪಿತವಾದ ಸ್ಕಾಟಿಷ್ ಸಂಘವೊಂದು ಕ್ರೈಸ್ತಜ್ಞಾನವನ್ನು ಹರಡಬೇಕೆಂದು ಅಲ್ಲಿ ಶಾಲೆಗಳನ್ನು ನಡಿಸಿ, ಬಹು ವರುಷ ಗೇಲಿಕ್ ಭಾಷೆಗೆ ಎಡೆಕೊಡದೆ ಇಂಗ್ಲಿಷಿನಲ್ಲಿಯೇ ಓದಿಸಿತು. ಮಕ್ಕಳು ಅರ್ಥವರಿಯದೆ ಬಾಯಿಪಾಠ ಮಾಡುವದನ್ನು ಕಂಡ ಮೇಲೆ ಆ ಸಂಘದವರೇ ಮನಸ್ಸು ತಿರುಗಿಸಿ, 1767ರಲ್ಲಿ ಗೇಲಿಕ್ ಹೊಸ ಒಡಂಬಡಿಕೆಯನ್ನು ಅಚ್ಚುಹಾಕಿಸಿದರು. ಹೀಗೆ ಒಂದು ಭಾಷೆಯನ್ನು ಕಲಿಸುವದಕ್ಕೋಸ್ಕರ ಮತ್ತೊಂದನ್ನು ಬಾಯಿಂದ ಬಿಡಿಸುವ ಯತ್ನವು ಬಂಗಾಳಕ್ಕಿಂತ ಮುಂಚೆ ಬ್ರಿಟಿಷರ ದ್ವೀಪದಲ್ಲಿಯೇ ನಡೆದಿತ್ತು. ಇದನ್ನು ನಾವು ಮುಂದಿನದಕ್ಕಾಗಿ ನೆನಪಿನಲ್ಲಿಡುವಾ.

ಡಫ್ ಅಯ್ಯನವರು ಸೇಂಟ್ ಆಂಡ್ರೂಸ್ ವಿದ್ಯಾಲಯದಲ್ಲಿ ಪ್ರಸಿದ್ಧ ಬೋಧಕರಾದ ಚಾಮರ್ಸ್ ಎಂಬವರಿಂದ ಕಲಿತು, 1829ರಲ್ಲಿ ಸ್ಕಾಟ್ಲೆಂಡ್ ಸಭೆಯ ಮೊದಲನೆಯ ಮಿಶನೆರಿಯಾಗಿ ಹಿಂದೂದೇಶಕ್ಕೆ ನೇಮಿಸಲ್ಪಟ್ಟರು. ಪತ್ನೀಸಹಿತವಾಗಿ ಹಡಗು ಹತ್ತಿದಾಗ್ಯೂ, 1830ರ ಫೆಬ್ರುವರಿಯಲ್ಲಿ ಆ ಹಡಗು ಆಫ್ರಿಕದ ದಕ್ಷಿಣ ತುದಿಯ ಬಳಿಯಲ್ಲಿ ಬಂಡೆಗೆ ತಾಕಿ ಒಡೆಯಿತು. ಯಾರ ಪ್ರಾಣವೂ ಹೋಗಲಿಲ್ಲ. ಆದರೆ ಅವರು ತಂದಿದ್ದ ಸುಮಾರು 800 ಪುಸ್ತಕಗಳು ಸಮುದ್ರದ ಪಾಲಾದವು. ಸತ್ಯವೇದವೂ ಕೀರ್ತನೆಗಳ ಪುಸ್ತಕವೂ ದಡಕ್ಕೆ ಸೇರಿ ಅವರ ಕೈಗೆ ಬಂದವು. ಮತ್ತೊಂದು ಹಡಗಿನಲ್ಲಿ ಹೊರಟು, ಗಂಗೆಯ ಮುಖದಲ್ಲಿ ಬಿರುಗಾಳಿಗೆ ಸಿಕ್ಕಿ, ಮೇ ತಿಂಗಳ 27ರಲ್ಲಿ ಕಲ್ಕತ್ತೆಗೆ ಮುಟ್ಟಿದರು.

ಆಗ ಶ್ರೀರಾಮಪುರದಲ್ಲಿ ಮುಪ್ಪಿನವರಾದ ವಿಲಿಯಂ ಕೇರಿ ಅಯ್ಯನವರು 30 ವರುಷಗಳಿಂದ ದೇಶಭಾಷೆಗಳ ಮೂಲಕ ಕೆಲಸ ಮಾಡುತ್ತಿದ್ದರು. ಡಫ್ ಅಯ್ಯನವರು ಬೇರೆ ದಾರಿಯನ್ನು ಹಿಡಿದರು. ಮೇಲ್ವರ್ಗದ ಯುವಕರಿಗೆ ಇಂಗ್ಲಿಷಿನಲ್ಲಿ ಉನ್ನತ ವಿದ್ಯೆಯನ್ನೂ ಅದರೊಡನೆ ಸತ್ಯವೇದವನ್ನೂ ಕಲಿಸಿದರೆ, ಅವರೇ ತಮ್ಮ ಜನರಿಗೆ ತಮ್ಮ ಭಾಷೆಯಲ್ಲಿ ಬೋಧಿಸುವರು ಎಂಬದು ಅವರ ಎಣಿಕೆ. ಕೇರಿಯವರು ಇದನ್ನು ಕೇಳಿ ಸಂತೋಷದಿಂದ ಆಶೀರ್ವದಿಸಿದರು. ರಾಜಾ ರಾಮಮೋಹನ ರಾಯರು ಕ್ರೈಸ್ತರಲ್ಲದಿದ್ದರೂ ಮನೆಯನ್ನು ಒದಗಿಸಿ, ಮೊದಲನೆಯ ಶಿಷ್ಯರನ್ನು ಕರತಂದು, ಸತ್ಯವೇದವನ್ನು ಓದುವದಕ್ಕೆ ಅಂಜಿದ ಹುಡುಗರಿಗೆ ಧೈರ್ಯಹೇಳಿದರು. 1830ರ ಜುಲೈ 13ರಲ್ಲಿ ಶಾಲೆಯು ಆರಂಭವಾಯಿತು. ಕೆಲವು ದಿನಗಳಲ್ಲಿಯೇ ಸ್ಥಳವು ಸಾಲದೆ ಹೋಯಿತು.

ಅಲ್ಲಿ ಪಾಠವನ್ನು ಗಿಣಿಯಂತೆ ಒಪ್ಪಿಸಿದರೆ ಸಾಕಾಗುತ್ತಿರಲಿಲ್ಲ. ಪ್ರತಿಯೊಂದು ಮಾತಿನ ಅರ್ಥವನ್ನು ಪ್ರಶ್ನೆಗಳಿಂದ ಹೊರಪಡಿಸುತ್ತಿದ್ದರು. ಬಂಗಾಳಿಯನ್ನು ಕಲಿಸುವದಕ್ಕೂ ಪಂಡಿತರಿದ್ದರು. ಮಳೆಯು ಇಂದ್ರನ ಆನೆಯ ಸೊಂಡಿಲಿನಿಂದ ಬರುತ್ತದೆಂದು ನಂಬಿದ್ದ ಹುಡುಗರಿಗೆ, ಅನ್ನ ಬೇಯುವ ಗಡಿಗೆಯ ಮುಚ್ಚಳದಲ್ಲಿ ಹಬೆಯು ನೀರಾಗಿ ತೊಟ್ಟಿಕ್ಕುವದನ್ನು ನೆನಪಿಗೆ ತಂದು, ಮಳೆಯ ಕಾರಣವನ್ನು ಅವರ ಬಾಯಿಂದಲೇ ಹೊರಡಿಸಿದರು. ನಾವು ಇದನ್ನು ಯೋಚಿಸಿದರೆ, ಆ ಮುಚ್ಚಳವು ಬಡವಳ ಅಡಿಗೆಮನೆಯಲ್ಲಿಯೂ ಇದೆ, ಯಾವ ಭಾಷೆಯಲ್ಲಿಯೂ ಪಾಠ ಹೇಳುತ್ತದೆ. ಜ್ಞಾನವು ಇಂಗ್ಲಿಷಿನಲ್ಲಿ ಬಂತೇ ಹೊರತು ಇಂಗ್ಲಿಷೇ ಜ್ಞಾನವಲ್ಲ.

1832ರಲ್ಲಿ ಕೃಷ್ಣಮೋಹನ ಬ್ಯಾನರ್ಜಿ ಮೊದಲಾದ ಯುವಕರು ಡಫ್ ಅಯ್ಯನವರ ಬೋಧನೆಯಿಂದ ನಂಬಿ ದೀಕ್ಷಾಸ್ನಾನ ಹೊಂದಿದರು. ಇಂಥವುಗಳಿಂದ ಮನೆಗಳಲ್ಲಿ ಗೋಳಾಟವೂ ಪಟ್ಟಣದಲ್ಲಿ ಗಲಿಬಿಲಿಯೂ ಉಂಟಾದವು. ಹೊಟ್ಟೆಪಾಡಿನ ವಿದ್ಯೆಯನ್ನು ತೋರಿಸಿ ಮಕ್ಕಳನ್ನು ಸೆಳೆದರೆಂಬ ದೂರು ಹುಟ್ಟಿತು. ಈ ದೂರನ್ನು ನಾವು ಹಗುರವಾಗಿ ತಳ್ಳಲಾರೆವು; ಯಾಕಂದರೆ ಅನೇಕರು ಉದ್ಯೋಗಕ್ಕೋಸ್ಕರವೇ ಬಂದಿದ್ದರು. ಆದರೂ ಅಯ್ಯನವರು ಮೊದಲನೆಯ ದಿನದಿಂದ ಸತ್ಯವೇದವನ್ನು ಎಲ್ಲರ ಮುಂದೆ ತೆರೆದಿಟ್ಟು, ತಮ್ಮ ಉದ್ದೇಶವನ್ನು ಮರೆಮಾಡಲಿಲ್ಲ.

ಅಷ್ಟರಲ್ಲಿ ಸರಕಾರದ ಹಣವು ಯಾವ ವಿದ್ಯೆಗೆ ಸಲ್ಲಬೇಕೆಂಬ ವಾದವು ಬಲವಾಯಿತು. ಒಂದು ಪಕ್ಷದವರು ಸಂಸ್ಕೃತ ಅರಬ್ಬಿಗಳನ್ನೂ, ಮೆಕಾಲೆ ಸಾಹೇಬರು ಮುಂತಾದವರು ಇಂಗ್ಲಿಷನ್ನೂ ಹಿಡಿದರು. 1835ರ ಮಾರ್ಚ್ ತಿಂಗಳಲ್ಲಿ ಗವರ್ನರ್ ಜನರಲ್ ಬೆಂಟಿಂಕ್ ಅವರು ಇಂಗ್ಲಿಷಿನ ಪಕ್ಷವಾಗಿ ತೀರ್ಮಾನಿಸಿದರು. ಡಫ್ ಅಯ್ಯನವರು, ಧರ್ಮಬೋಧೆಯಿಲ್ಲದ್ದು ಕೊರತೆಯೆಂದು ಹೇಳಿದರೂ, ಈ ತೀರ್ಮಾನವನ್ನು ಬಹಳವಾಗಿ ಕೊಂಡಾಡಿದರು. ಆದರೆ ಈ ವಾದದಲ್ಲಿ ರೈತನ ಬಂಗಾಳಿಯ ಪಕ್ಷವಾಗಿ ಮಾತಾಡಿದವರು ಕೊಂಚವೇ. ವಿಲಿಯಂ ಆಡಮ್ ಎಂಬವರು ಹಳ್ಳಿಯ ಶಾಲೆಗಳನ್ನು ಶೋಧಿಸಿ, 1835ರಿಂದ 1838ರ ವರೆಗೆ ಮೂರು ವರದಿಗಳಲ್ಲಿ ದೇಶಭಾಷೆಯ ಶಾಲೆಗಳನ್ನು ಬಲಪಡಿಸಬೇಕೆಂದು ಬೇಡಿದರು, ಅದು ನಡೆಯಲಿಲ್ಲ. 1844ರಲ್ಲಿ ಸರಕಾರದ ಉದ್ಯೋಗಗಳಿಗೆ ಇಂಗ್ಲಿಷ್ ಬಲ್ಲವರನ್ನೇ ಮುಂದೆ ಮಾಡಬೇಕೆಂಬ ಆಜ್ಞೆಯಾಯಿತು. ಅಂದಿನಿಂದ ಆ ಭಾಷೆಯು ದೀಪವಾದದ್ದಲ್ಲದೆ ಬೇಲಿಯೂ ಆಯಿತು: ಒಳಗಿದ್ದವನಿಗೆ ಸಂಬಳ, ಹೊರಗಿದ್ದವನಿಗೆ ಕೈಮುಗಿತ.

1843ರಲ್ಲಿ ಸ್ಕಾಟ್ಲೆಂಡ್ ಸಭೆಯು ಒಡೆದಾಗ ಡಫ್ ಅಯ್ಯನವರು ಸ್ವತಂತ್ರ ಸಭೆಗೆ ಸೇರಿ, ತಾವು ಕಟ್ಟಿಸಿದ ಶಾಲೆಯ ಕಟ್ಟಡವನ್ನು ಬಿಟ್ಟುಕೊಟ್ಟು, ಹೊಸದಾಗಿ ಆರಂಭಿಸಿದರು. 1853ರಲ್ಲಿ ಪಾರ್ಲಿಮೆಂಟಿನವರ ಮುಂದೆ ಸಾಕ್ಷಿಹೇಳಿದರು. ಮರುವರುಷದ ವಿದ್ಯಾಶಾಸನವು ಉನ್ನತ ವಿದ್ಯೆಗೆ ಇಂಗ್ಲಿಷನ್ನೂ ಸಾಮಾನ್ಯ ಜನರಿಗೆ ದೇಶಭಾಷೆಗಳನ್ನೂ ನೇಮಿಸಿತು. 1857ರಲ್ಲಿ ಕಲ್ಕತ್ತೆಯ ವಿಶ್ವವಿದ್ಯಾಲಯವು ಸ್ಥಾಪಿತವಾಗಲು ಅದರ ಸಭಿಕರಾದರು. 1863ರಲ್ಲಿ ರೋಗದ ನಿಮಿತ್ತ ಸ್ವದೇಶಕ್ಕೆ ತಿರುಗಿ, 1878ನೇ ವರುಷ ಫೆಬ್ರುವರಿ 12ರಲ್ಲಿ ತೀರಿಹೋದರು.

ಮೇಲಿನವರಿಗೆ ಕೊಟ್ಟ ವಿದ್ಯೆಯು ತಾನಾಗಿ ಕೆಳಗಿಳಿದು ಬರುವದೆಂಬ ಅವರ ಎಣಿಕೆಯು ಪೂರ್ಣವಾಗಿ ನಿಜವಾಯಿತೋ? ಇಲ್ಲ. ನೀರನ್ನು ಬೆಟ್ಟದ ಮೇಲೆ ಸುರಿದ ಮಾತ್ರಕ್ಕೆ ಕಾಲುವೆಯಿಲ್ಲದ ಗದ್ದೆಯು ನೆನೆಯದು. ಕೃಷ್ಣಮೋಹನರು ಅಂಥ ಕಾಲುವೆಯಾದರು. ವಿದ್ಯಾಕಲ್ಪದ್ರುಮವೆಂಬ 13 ಸಂಪುಟಗಳಲ್ಲಿ ನಾನಾ ಶಾಸ್ತ್ರಗಳನ್ನು ಬಂಗಾಳಿಗೆ ತಂದರು. ಮತ್ತೊಬ್ಬ ಶಿಷ್ಯರಾದ ಲಾಲ್ ಬಿಹಾರಿ ಡೇ ಎಂಬವರು ಬಂಗಾಳದ ರೈತನ ಬಾಳನ್ನು ಕುರಿತು ಇಂಗ್ಲಿಷಿನಲ್ಲಿ ಶ್ರೇಷ್ಠ ಗ್ರಂಥವನ್ನು ಬರೆದರು. ಆ ರೈತನಿಗೆ ಅದನ್ನು ಓದಲಾಗಲಿಲ್ಲ. ಈ ಎರಡು ಫಲಗಳೂ ಒಂದೇ ಮರದವು.

ನಮ್ಮ ಕನ್ನಡ ಸೀಮೆಯಲ್ಲಿ 1843ರಲ್ಲಿ ಮೋಗ್ಲಿಂಗ್ ಅಯ್ಯನವರು ಮಂಗಳೂರ ಸಮಾಚಾರವನ್ನು ಹೊರಡಿಸಿದರು. ಕಿಟ್ಟೆಲ್ ಅಯ್ಯನವರ ನಿಘಂಟು 1894ರಲ್ಲಿ ಹೊರಬಂತು. ಇವರು ಕಲಿಸುವದಕ್ಕೆ ಬಂದು ಮೊದಲು ನಮ್ಮ ಭಾಷೆಯನ್ನು ಕಲಿತರು.

ಆದಕಾರಣ ಪ್ರಿಯರೇ, ಮಕ್ಕಳಿಗೆ ಇಂಗ್ಲಿಷನ್ನು ಕಲಿಸುವದು ಪಾಪವಲ್ಲ. ಬಡವನ ಮಗನಿಗೆ ಆ ಬಾಗಿಲನ್ನು ಮುಚ್ಚುವದೇ ಅನ್ಯಾಯ. ಆದರೆ ಅಜ್ಜಿಯ ಪ್ರಾರ್ಥನೆ ಅರ್ಥವಾಗದ, ಕನ್ನಡ ಸತ್ಯವೇದವನ್ನು ತಡವರಿಸದೆ ಓದಲಾರದ ಮಗುವು, ಎಷ್ಟು ಇಂಗ್ಲಿಷ್ ಬಲ್ಲದಾದರೂ, ನಮ್ಮ ಸಭೆಗೆ ನಷ್ಟವೇ. ಪಂಚಾಶತ್ತಮ ದಿನದಲ್ಲಿ ಪವಿತ್ರಾತ್ಮನು ಕೂಡಿಬಂದ ಜನರಿಗೆ ಒಂದೇ ಭಾಷೆಯನ್ನು ಹೊರಿಸದೆ, ಪ್ರತಿಯೊಬ್ಬನಿಗೆ ಅವನವನ ಭಾಷೆಯಲ್ಲಿ ಕೇಳುವ ಹಾಗೆ ಮಾಡಿದನು. ಕಲಿತವನು ಕಲಿಯದವನಿಗೆ ಕಾಲುವೆಯಾಗಲಿ.