ಕುಂದಗೋಳದ ಸವಾಯಿ

ಬೆಂಗಳೂರಾಗ ಯಾವುದೋ ಬ್ಯಾಂಡಿನ ಶೋ ಅದ ಅಂದ್ರ ಸಾಕು, ಶುಕ್ರವಾರ ರಾತ್ರಿ ಬ್ಯಾಗ್ ಹೆಗಲಿಗೇರಿಸಿ ಗಬ್ಬೂರ ಕ್ರಾಸಿನ್ಯಾಗ ಬಸ್ಸಿಗೆ ಕೈ ಮಾಡೋರು ನಾವು. ಶನಿವಾರ ಒಂದು ಶೋ, ರವಿವಾರ ಇನ್ನೊಂದು, ಸೋಮವಾರ ಮೊದಲ ಕ್ಲಾಸಿನ್ಯಾಗ ನಿದ್ದಿ. ಹಾಡೋರ ಬೆನ್ನು ಹತ್ತೋ ಈ ಹುಚ್ಚು ಹೊಸದೇನಲ್ಲ. ಒಂದು ಕಾಲಕ್ಕೆ ಜನ ಹಿಂಗ ಬೆನ್ನು ಹತ್ತಿ ಬರುತ್ತಿದ್ದದ್ದು ಇಲ್ಲೇ ಹತ್ತಿರದ ಕುಂದಗೋಳಕ್ಕೆ. ಅಲ್ಲಿದ್ದವರು ಸವಾಯಿ ಗಂಧರ್ವರು.

ಹುಟ್ಟು ಹೆಸರು ರಾಮಚಂದ್ರ, ಎಲ್ಲರ ಬಾಯಲ್ಲಿ ರಾಮಭಾವು. ಹುಟ್ಟಿದ್ದು 1886ರಲ್ಲಿ. ಆಗ ಕುಂದಗೋಳ ಜಮಖಂಡಿ ಸಂಸ್ಥಾನಕ್ಕೆ ಸೇರಿತ್ತು. ಅಪ್ಪ ಗಣೇಶರಾಯರು ಊರಿನ ನಾಡಿಗೇರ ಮನೆತನದಲ್ಲಿ ಕೆಲಸಕ್ಕಿದ್ದರು. ಮಗ ನಾಲ್ಕಕ್ಷರ ಕಲೀಲಿ ಅಂತ ಹುಬ್ಬಳ್ಳಿಯ ಲ್ಯಾಮಿಂಗ್ಟನ್ ಶಾಲೆಗೆ ಹಾಕಿದರು. ಹುಡುಗನ ಲಕ್ಷ್ಯ ಪಾಠದ ಮ್ಯಾಲೆ ಇರಲಿಲ್ಲ. ಬ್ಯಾಕ್‌ಲಾಗ್ ಇರೋ ದೋಸ್ತರು ಇಷ್ಟಕ್ಕೇ ಖುಷಿ ಪಡಬ್ಯಾಡ್ರಿ. ಬಲವಂತರಾವ್ ಕೊಲ್ಹಟಕರರ ಹತ್ತಿರ ಹಾಡಿಕೆ ಕಲಿತ ಈ ಹುಡುಗನಿಗೆ, 1898ರಲ್ಲಿ ಅವರು ತೀರಿಕೊಳ್ಳುವ ಹೊತ್ತಿಗೆ 75 ಧ್ರುಪದಗಳು ಬರುತ್ತಿದ್ದವು. ವಯಸ್ಸು ಹನ್ನೆರಡು.

ಮುಂದೆ ಸಿಕ್ಕವರು ಕಿರಾನಾ ಘರಾನೆಯ ಉಸ್ತಾದ್ ಅಬ್ದುಲ್ ಕರೀಂ ಖಾನರು. ಕಡಿಮೆ ಅಂದ್ರೂ ಎಂಟು ವರ್ಷ ಕಲೀಬೇಕು ಅನ್ನೋದು ಖಾನಸಾಹೇಬರ ಷರತ್ತು. ನಮ್ಮ ಬಿ.ಇ.ಗಿಂತ ಒಂದಕ್ಕೆರಡು! ಅಷ್ಟರಲ್ಲಿ ಆಗಬಾರದ್ದು ಆತು. ಹರೆಯಕ್ಕೆ ಬಂದಂಗ ರಾಮಭಾವುನ ದನಿ ಒಡೀತು. ಜೇನಿನಂಥ ಕಂಠ ಹೋಗಿ ಒರಟು ದನಿ ಉಳೀತು. ಹಾಡೋ ಹುಡುಗನಿಗೆ ಇದಕ್ಕಿಂತ ದೊಡ್ಡ ನಷ್ಟ ಯಾವುದು? ಅವರು ಬಿಡಲಿಲ್ಲ. ವರ್ಷಗಟ್ಟಲೆ ರಿಯಾಜ್ ಮಾಡಿ ಆ ಒರಟು ದನಿಯನ್ನೇ ಪಳಗಿಸಿದರು. ಕಡೀತನಕ ಅವರ ಕಂಠ ಕಾಯೋದಕ್ಕೆ ಹೊತ್ತು ಹಿಡೀತಿತ್ತು. ಮೊದಲು ತಡವರಿಸಿದಂತೆ ಕೇಳೋದು, ಒಮ್ಮೆ ಬಿಸಿ ಏರಿತೆಂದರೆ ಕೂತವರು ಏಳುತ್ತಿರಲಿಲ್ಲ. ಮೊದಲ ಹತ್ತು ನಿಮಿಷಕ್ಕೇ ಎದ್ದು ಹೋದವರಿಗೆ ಅವರು ಸಿಕ್ಕೇ ಇಲ್ಲ ಅಂತ ನಮ್ಮ ಅಂದಾಜು.

ನಡುವೆ ಮರಾಠಿ ನಾಟಕ ಕಂಪನಿ ಸೇರಿದರು. ಗುರುಗಳಿಗೆ ಇದು ಸರಿಬರಲಿಲ್ಲ. ಆದರೆ ಸ್ತ್ರೀಪಾತ್ರ ಮಾಡಿ ಹಾಡಿದ ಇವರಿಗೆ ಜನ ಮರುಳಾದರು. ಆಗಲೇ ರಂಗಭೂಮಿಯಲ್ಲಿ ಬಾಲಗಂಧರ್ವರ ಹೆಸರು ದೊಡ್ಡದಿತ್ತು. ಇವರು ಅದಕ್ಕೂ ಒಂದು ಕೈ ಮ್ಯಾಲೆ ಅಂತ 'ಸವಾಯಿ ಗಂಧರ್ವ' ಎಂಬ ಬಿರುದು ಬಂತು. ಸವಾಯಿ ಅಂದ್ರ ಒಂದೂಕಾಲು, ನಮ್ಮ ಲೆಕ್ಕದಾಗ 25 ಪರ್ಸೆಂಟ್ ಜಾಸ್ತಿ.

ನಾಟಕ ಬಿಟ್ಟ ಮೇಲೆ ಕುಂದಗೋಳದಲ್ಲಿ ಪಾಠ ನಡೆಯಿತು. ಆಗ ಶುರುವಾದದ್ದೇ ನಾವು ಹೇಳಹೊರಟ ಬೆನ್ನು ಹತ್ತೋ ಕಥೆ. ಗದಗಿನ ಹುಡುಗ ಭೀಮಸೇನ ಜೋಶಿ ಗುರುವನ್ನು ಹುಡುಕಿ ಮನೆ ಬಿಟ್ಟು ಓಡಿ, ಉತ್ತರ ಭಾರತವೆಲ್ಲ ಅಲೆದು, ಕೊನೆಗೆ ಬಂದು ನಿಂತದ್ದು ಮನೀ ಹತ್ತಿರದ ಈ ಊರಿಗೆ. ಗುರುಗಳ ಮನೆಗೆ ನೀರು ಹೊತ್ತು ಕಲಿತ. ಗಂಗೂಬಾಯಿ ಹಾನಗಲ್ ಹುಬ್ಬಳ್ಳಿಯಿಂದ ರೈಲಿನಲ್ಲಿ ಬಂದು ಹೋಗುತ್ತಿದ್ದರು. ಸಂಸಾರದ ತಾಪತ್ರಯ, ಜನರ ಕೊಂಕುಮಾತು ಎಲ್ಲ ದಾಟಿ ಗಾಡಿ ಹತ್ತಬೇಕಿತ್ತು. ಪಾಠ ಮುಗಿದ ಮೇಲೆ ಸ್ಟೇಷನ್ನಿನ ತನಕ ಅವರ ಜೋಡಿ ಭೀಮಸೇನ ನಡೆದು ಬರುತ್ತಿದ್ದ. ಆ ದಾರಿಯಲ್ಲಿ ನಡೆಯುತ್ತಿದ್ದ ಇಬ್ಬರಲ್ಲಿ ಒಬ್ಬರಿಗೆ ಮುಂದೆ ಪದ್ಮವಿಭೂಷಣ, ಇನ್ನೊಬ್ಬರಿಗೆ ಭಾರತರತ್ನ!

1940ರ ದಶಕದಲ್ಲಿ ಗುರುಗಳಿಗೆ ಪಾರ್ಶ್ವವಾಯು ಬಡಿಯಿತು. ಒಮ್ಮೆ ಕಳೆದು, ಕಷ್ಟಪಟ್ಟು ಗಳಿಸಿದ್ದ ದನಿ ಕಚೇರಿಗಳಿಂದ ದೂರವಾಯಿತು. 1952ರ ಸೆಪ್ಟೆಂಬರ್ 12ರಂದು ಪುಣೆಯಲ್ಲಿ ತೀರಿಕೊಂಡರು. ಅವರ ಹಾಡಿಕೆಯಲ್ಲಿ ಇಂದು ಕೇಳಸಿಗೋದು ಹಳೇ 78 ಆರ್‌ಪಿಎಂ ತಟ್ಟೆಗಳು, ಒಂದು ಬದಿಗೆ ಮೂರು ನಿಮಿಷದ ಆಸುಪಾಸು. ಕಾಯೋದಕ್ಕೇ ಅದಕ್ಕಿಂತ ಹೆಚ್ಚು ಹೊತ್ತು ಬೇಕಿದ್ದ ಕಂಠ ಅದು. ಉಳಿದದ್ದೆಲ್ಲ ಬೆನ್ನು ಹತ್ತಿ ಬಂದವರ ಗಂಟಲಿನಾಗ ಹೋಯಿತು.

ಪುಣೆಯಲ್ಲಿ ಭೀಮಸೇನರು ಗುರುವಿನ ಹೆಸರಲ್ಲಿ ಕಟ್ಟಿದ ಉತ್ಸವ ಈಗ ಎಲ್ಲರಿಗೂ ಗೊತ್ತು. ಕುಂದಗೋಳದ ನಾಡಿಗೇರ ವಾಡೇದಲ್ಲೂ ಅವರ ನೆನಪಿನ ಉತ್ಸವ ನಡೀತದ, ಅಹೋರಾತ್ರಿ. ಈ ಸಲ ತಾರೀಖು ಗೊತ್ತಾದ ಕೂಡಲೇ ನೋಟಿಸ್ ಬೋರ್ಡಿಗೆ ಹಚ್ಚುತೀವಿ. ಹೋಗೋದು ರೈಲಿಗೇ.