ದೇವರಾಜ ಅರಸು: ಗೇಣಿ, ಹಕ್ಕು ಮತ್ತು ಇಳುವರಿ

ಹುಣಸೂರು ತಾಲ್ಲೂಕಿನ ಕಲ್ಲಹಳ್ಳಿಯಲ್ಲಿ ೧೯೧೫ರಲ್ಲಿ ಜನಿಸಿದ ದೇವರಾಜ ಅರಸು ಅವರು ಬೆಂಗಳೂರಿನಲ್ಲಿ ಬಿ.ಎಸ್ಸಿ. ಮುಗಿಸಿ ಊರಿಗೆ ಮರಳಿ ಬೇಸಾಯಕ್ಕೆ ನಿಂತರು. ೧೯೪೧ರಲ್ಲಿ ಮೈಸೂರು ಪ್ರಜಾಪ್ರತಿನಿಧಿ ಸಭೆಗೆ ಆಯ್ಕೆಯಾದರು. ೧೯೭೨ರಲ್ಲಿ ಮುಖ್ಯಮಂತ್ರಿಯಾದ ಮೇಲೆ ೧೯೬೧ರ ಭೂಸುಧಾರಣಾ ಕಾಯಿದೆಗೆ ಅವರ ಸರ್ಕಾರ ತಂದ ತಿದ್ದುಪಡಿಯು ೧೯೭೪ರ ಮಾರ್ಚ್ ೧ರಂದು ಜಾರಿಗೆ ಬಂದಿತು. ಗೇಣಿ ಜಮೀನುಗಳು ಸರ್ಕಾರದಲ್ಲಿ ನಿಹಿತವಾದವು. ಉಳುವವರು ಭೂನ್ಯಾಯಮಂಡಳಿಗೆ ಅರ್ಜಿ ಸಲ್ಲಿಸಿ ಹಕ್ಕು ಪಡೆದರು.

ಬೆಳೆಯ ಪಾಲು ಒಡೆಯನಿಗೆ ಸಲ್ಲಬೇಕಾಗಿ, ಒಕ್ಕಲೆಬ್ಬಿಸುವ ಭಯವೂ ಇದ್ದಾಗ ಗೇಣಿದಾರನು ಬಾವಿ ತೋಡುವುದಿಲ್ಲ, ಬದು ಕಟ್ಟುವುದಿಲ್ಲ. ತಿದ್ದುಪಡಿ ನೀಗಿಸಿದ್ದು ಈ ಅಳುಕನ್ನು. ಇಳುವರಿ ಮಾತ್ರ ಹಕ್ಕುಪತ್ರವೊಂದರಿಂದಲೇ ಏರುವಂಥದ್ದಲ್ಲ. ಅದಕ್ಕೆ ಬೀಜ, ನೀರು, ಸಾಲ ಬೇಕು. ಕಾಯಿದೆಯ ಹೆಚ್ಚಿನ ಫಲ ದೊರೆತದ್ದು ಗೇಣಿ ದಟ್ಟವಾಗಿದ್ದ ಕರಾವಳಿ ಹಾಗೂ ಮಲೆನಾಡಿಗೆ. ಸ್ವಂತ ಸಾಗುವಳಿಯೇ ಹೆಚ್ಚಾಗಿದ್ದ ಯಲಹಂಕ, ಹೆಬ್ಬಾಳದ ಕಡೆಯ ಬಯಲುಸೀಮೆಯಲ್ಲಿ ರಾಗಿಯ ಇಳುವರಿ ಹೆಚ್ಚಿದ್ದನ್ನು ಈ ಕಾಯಿದೆಯ ಲೆಕ್ಕಕ್ಕೆ ಬರೆಯುವುದು ಉಚಿತವಲ್ಲ. ಅಲ್ಲಿ ನೋಡಬೇಕಾದುದು ೧೯೬೪ರಲ್ಲಿ ಹೆಬ್ಬಾಳದಲ್ಲಿ ಆರಂಭವಾದ ಕೃಷಿ ವಿಶ್ವವಿದ್ಯಾನಿಲಯದ ಕಡೆಗೆ, ಸುಧಾರಿತ ತಳಿಗಳ ಕಡೆಗೆ.

ಇನ್ನೊಂದು ಮಾತು. ಗೇಣಿಯನ್ನೇ ನಿಷೇಧಿಸಿದ್ದರಿಂದ ಅದು ಅಳಿಯಲಿಲ್ಲ, ಬಾಯಿಮಾತಿನ ಒಪ್ಪಂದವಾಯಿತು. ಹಾಗೆ ಉಳುವವನಿಗೆ ಬ್ಯಾಂಕಿನ ಸಾಲ ದುರ್ಲಭ. ಮರುವರ್ಷದ ಭರವಸೆಯಿಲ್ಲದ ಮಣ್ಣಿಗೆ ಅವನು ಗೊಬ್ಬರ ಸುರಿಯುವುದೂ ಕಡಿಮೆ. ಹಳೆಯ ಅಳುಕು ಹೀಗೆ ಹಿಂಬಾಗಿಲಿನಿಂದ ಮರಳಿದ್ದನ್ನು ಅರಸು ಅವರ ಕುರಿತ ಪ್ರಶಂಸೆಯ ಬರಹಗಳು ಗಮನಿಸಿದ್ದು ಕಡಿಮೆ.

ಅವರು ೧೯೮೦ರ ಜನವರಿಯಲ್ಲಿ ಅಧಿಕಾರ ಬಿಟ್ಟರು. ೧೯೮೨ರ ಜೂನ್ ೬ರಂದು ನಿಧನರಾದರು.